ತಿರುಗುವ ತೂಕವೂ ಕಾಲು ಮೈಲಿಯ ಓಟವೂ

೧

ಯಂತ್ರಗಳೊಡನೆ ಬಾಳುವ ಜನರಲ್ಲಿ ಗ್ರಂಥಸ್ಥವಾಗದ ಎಷ್ಟೋ ಸಿದ್ಧಾಂತಗಳು ಬಾಯಿಂದ ಬಾಯಿಗೆ ಹರಿದು ಬರುತ್ತವೆ. ಅವು ಅನುಭವದಿಂದ ಹುಟ್ಟಿದವು. ಆದುದರಿಂದ ಅವುಗಳಲ್ಲಿ ಸತ್ಯಾಂಶವಿರುವುದು ಸಹಜ. ಆದರೆ ಯಾವ ಸಂದರ್ಭದಲ್ಲಿ ಹುಟ್ಟಿದವೋ ಆ ಸಂದರ್ಭ ಮರೆತುಹೋದ ಮೇಲೂ ಅವು ಉಳಿದುಬರುತ್ತವೆ. ಆಗ ಅವುಗಳ ಸತ್ಯವೆಷ್ಟು, ರೂಢಿಯೆಷ್ಟು ಎಂಬುದನ್ನು ವಿಂಗಡಿಸುವ ಕೆಲಸ ಇತಿಹಾಸಕಾರನ ಪಾಲಿಗೆ ಬರುತ್ತದೆ. ಅಮೆರಿಕದ ಡ್ರ್ಯಾಗ್ ಪಂದ್ಯಗಳಲ್ಲಿ ತಲೆಮಾರುಗಳಿಂದ ಕೇಳಿಬರುತ್ತಿರುವ ಇಂಥ ಒಂದು ಮಾತನ್ನು ಈ ಲೇಖನದಲ್ಲಿ ಪರೀಕ್ಷಿಸಲು ನಾವು ಉದ್ದೇಶಿಸಿದ್ದೇವೆ. ಕಾರಿನ ಎಂಜಿನ್ನಿನಿಂದ ಚಕ್ರದವರೆಗೆ ತಿರುಗುವ ಭಾಗಗಳಿಂದ ಒಂದು ಪೌಂಡು ತೂಕ ತೆಗೆದರೆ ಅದು ಕಾರಿನ ಮೈಯಿಂದ ಹತ್ತು ಪೌಂಡು ತೆಗೆದುದಕ್ಕೆ ಸಮ ಎಂಬುದೇ ಆ ಮಾತು. ಕೆಲವರು ಹತ್ತರ ಬದಲು ನಾಲ್ಕೆನ್ನುತ್ತಾರೆ, ಕೆಲವರು ಎಂಟೆನ್ನುತ್ತಾರೆ. ಸಂಖ್ಯೆ ಬೇರೆಯಾದರೂ ನಂಬಿಕೆ ಒಂದೇ.

ಡ್ರ್ಯಾಗ್ ಪಂದ್ಯವೆಂದರೇನೆಂಬುದನ್ನು ಮೊದಲು ಹೇಳಬೇಕು. ಎರಡು ಕಾರುಗಳು ಅಕ್ಕಪಕ್ಕದಲ್ಲಿ ನಿಂತಲ್ಲಿಂದಲೇ ಹೊರಟು ನೇರವಾದ ಹಾದಿಯಲ್ಲಿ ಕಾಲು ಮೈಲಿ, ಎಂದರೆ ೧೩೨೦ ಅಡಿ ಅಥವಾ ಸುಮಾರು ೪೦೨ ಮೀಟರು, ಓಡುತ್ತವೆ. ತಿರುವಿಲ್ಲ, ಏರಿಳಿತವಿಲ್ಲ, ಎರಡನೆಯ ಸುತ್ತಿಲ್ಲ. ಮೊದಲು ಗುರಿ ಮುಟ್ಟಿದವನು ಗೆದ್ದ. ಸಾಧಾರಣ ಕಾರಿಗೆ ಹದಿನೈದಿಪ್ಪತ್ತು ಸೆಕೆಂಡು ಹಿಡಿಯುವ ಈ ಹಾದಿಯನ್ನು ಪಂದ್ಯಕ್ಕೆಂದು ಸಿದ್ಧಪಡಿಸಿದ ಕಾರು ಹನ್ನೆರಡು, ಹತ್ತು ಅಥವಾ ಅದಕ್ಕೂ ಕಡಮೆ ಸೆಕೆಂಡುಗಳಲ್ಲಿ ಮುಗಿಸುತ್ತದೆ. ಸೋಲು ಗೆಲುವುಗಳ ಅಂತರ ಸೆಕೆಂಡಿನ ನೂರರಲ್ಲೊಂದು ಪಾಲಿಗೂ ಇಳಿಯುವುದುಂಟು. ಇಂಥ ಸ್ಪರ್ಧೆಯಲ್ಲಿ ಒಂದು ಪೌಂಡಿನ ಪ್ರಶ್ನೆ ಅಲ್ಪವಾದುದಲ್ಲ.

೨

ಈ ನಂಬಿಕೆಯ ಹಿನ್ನೆಲೆಯನ್ನು ಅರಿಯಲು ಡ್ರ್ಯಾಗ್ ಪಂದ್ಯಕ್ಕಿಂತ ಹಿಂದಿನ ಕಾಲಕ್ಕೆ ಹೋಗಬೇಕಾಗುತ್ತದೆ. ದಕ್ಷಿಣ ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಕೆರೆಗಳಿವೆ. ಮೈಲಿಗಟ್ಟಲೆ ಸಮತಟ್ಟಾದ ಅವುಗಳ ಗಟ್ಟಿನೆಲದ ಮೇಲೆ ತರುಣರು ಹಳೆಯ ಫೋರ್ಡ್ ಕಾರುಗಳನ್ನು ತಂದು ವೇಗವನ್ನು ಅಳೆಯುತ್ತಿದ್ದರು. ಈ ಕೂಟಗಳನ್ನು ಕ್ರಮಪಡಿಸಲು ೧೯೩೭ರಲ್ಲಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘ ಸ್ಥಾಪಿತವಾಯಿತು. ೧೯೩೨ರಲ್ಲಿ ಫೋರ್ಡ್ ಕಂಪನಿ ಹೊರತಂದ ಎಂಟು ಸಿಲಿಂಡರಿನ ಎಂಜಿನ್ನು ಕಡಮೆ ಬೆಲೆಗೆ ದೊರೆಯುವ ಬಲವಾದ ಎಂಜಿನ್ನಾದುದರಿಂದ ಈ ತರುಣರಿಗೆ ಪ್ರಿಯವಾಯಿತು. ಕಾರಿನಿಂದ ಬೇಡದುದನ್ನೆಲ್ಲ ಕಳಚಿ ಎಂಜಿನ್ನಿನ ಬಲವನ್ನು ಹೆಚ್ಚಿಸಿದ ಇಂಥ ಬಂಡಿಗೆ ‘ಹಾಟ್ ರಾಡ್’ ಎಂಬ ಹೆಸರು ರೂಢಿಯಾಯಿತು.

ಎಂಜಿನ್ನಿನ ಹಿಂಬದಿಗೆ ಸೇರಿಕೊಂಡು ತಿರುಗುವ ಭಾರವಾದ ತಟ್ಟೆಗೆ ಫ್ಲೈವೀಲ್ ಎಂದು ಹೆಸರು. ಸಿಲಿಂಡರುಗಳು ಬಿಟ್ಟುಬಿಟ್ಟು ಕೊಡುವ ತಳ್ಳಿಕೆಯನ್ನು ಒಂದೇ ಸಮನಾದ ಓಟವಾಗಿ ಮಾಡುವುದು ಅದರ ಕೆಲಸ. ಕಾರ್ಖಾನೆಯಿಂದ ಬಂದ ಫ್ಲೈವೀಲನ್ನು ಲೇತಿಗೆ ಹಾಕಿ ಹೆರೆದು ಹಗುರಗೊಳಿಸುವುದು ಹಾಟ್ ರಾಡ್ ಕಟ್ಟುವವರ ಮೊದಲ ಕೆಲಸಗಳಲ್ಲಿ ಒಂದಾಗಿತ್ತು. ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಒಣಗೆರೆಯ ಮೇಲೆ ಅಳೆಯುತ್ತಿದ್ದುದು ಕಾರು ದೂರದಿಂದ ಓಡಿಬಂದು ಮುಟ್ಟಿದ ಪರಮವೇಗವನ್ನೇ ಹೊರತು, ಆ ವೇಗವನ್ನು ಮುಟ್ಟಲು ಹಿಡಿದ ಕಾಲವನ್ನಲ್ಲ. ವೇಗ ಏರುತ್ತಿರುವಾಗ ಮಾತ್ರ ತಿರುಗುವ ಭಾಗಗಳ ಜಡತ್ವ ಶಕ್ತಿಯನ್ನು ಕೇಳುತ್ತದೆ. ವೇಗ ಸ್ಥಿರವಾದ ಮೇಲೆ ಅದು ಏನನ್ನೂ ಕೇಳುವುದಿಲ್ಲ. ಆದ್ದರಿಂದ ಒಣಗೆರೆಯ ಪರಮವೇಗಕ್ಕೆ ಫ್ಲೈವೀಲಿನ ತೂಕದಿಂದ ಆಗುತ್ತಿದ್ದ ಲಾಭನಷ್ಟ ಬಹು ಅಲ್ಪ. ಹಗುರವಾದ ಫ್ಲೈವೀಲಿನಿಂದ ಎಂಜಿನ್ನು ಚುರುಕಾಗಿ ಏರಿ ಇಳಿಯುತ್ತದೆ. ಕಿವಿಗೆ ಅದು ವೇಗದಂತೆ ಕೇಳಿಸುತ್ತದೆ. ಈ ರೂಢಿ ಬಲಗೊಳ್ಳಲು ಅಳತೆಗಿಂತ ಕಿವಿಯ ಸಾಕ್ಷ್ಯವೇ ಹೆಚ್ಚಿನ ಕಾರಣವೆಂದು ನಮಗೆ ತೋರುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ವೇಗದ ಅಳತೆಗೋಲೇ ಬದಲಾಯಿತು. ೧೯೪೯ರಲ್ಲಿ ಸಾಂಟಾ ಬಾರ್ಬರದ ಬಳಿಯ ಗೊಲೀಟದಲ್ಲಿ ವಿಮಾನನಿಲ್ದಾಣದ ರಸ್ತೆಯ ಮೇಲೆ ಫ್ರಾನ್ ಹೆರ್ನಾಂಡೆಜ್ ಮತ್ತು ಟಾಮ್ ಕಾಬ್ಸ್ ಎಂಬಿಬ್ಬರು ನಿಂತಲ್ಲಿಂದ ಹೊರಟು ಸ್ಪರ್ಧಿಸಿದರು. ೧೯೫೦ರಲ್ಲಿ ಸಾಂಟಾ ಅನ ವಿಮಾನನಿಲ್ದಾಣದಲ್ಲಿ ಸಿ. ಜೆ. ಹಾರ್ಟ್ ಮತ್ತು ಆತನ ಸಂಗಡಿಗರು ಪ್ರವೇಶಶುಲ್ಕವಿಟ್ಟು ಕ್ರಮವಾಗಿ ಪಂದ್ಯಗಳನ್ನು ನಡೆಸತೊಡಗಿದರು. ೧೯೫೧ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ನನ್ನು ಸ್ಥಾಪಿಸಿದ. ೧೯೫೩ರಲ್ಲಿ ಪೊಮೋನದಲ್ಲಿ ಅದರ ಮೊದಲ ಅಧಿಕೃತ ಪಂದ್ಯವೂ ೧೯೫೫ರಲ್ಲಿ ಕ್ಯಾನ್ಸಾಸಿನ ಗ್ರೇಟ್ ಬೆಂಡಿನಲ್ಲಿ ಮೊದಲ ರಾಷ್ಟ್ರೀಯ ಪಂದ್ಯವೂ ನಡೆದವು. ಹೀಗೆ ಐದಾರು ವರ್ಷಗಳಲ್ಲಿ ಒಣಗೆರೆಯ ಜನ, ಒಣಗೆರೆಯ ಕಾರು, ಒಣಗೆರೆಯ ರೂಢಿಗಳೆಲ್ಲ ಕಾಲು ಮೈಲಿಯ ಹಾದಿಗೆ ಬಂದವು. ಅಲ್ಲಿ ಬಹುಮಟ್ಟಿಗೆ ಅಪ್ರಸ್ತುತವಾಗಿದ್ದ ತಿರುಗುವ ತೂಕ ಇಲ್ಲಿ ಮುಖ್ಯ ಪ್ರಶ್ನೆಯಾಯಿತು. ಏಕೆಂದರೆ ಡ್ರ್ಯಾಗ್ ಪಂದ್ಯವೆಂದರೆ ಆದಿಯಿಂದ ಅಂತ್ಯದವರೆಗೆ ವೇಗೋತ್ಕರ್ಷವೇ.

೩

ಈಗ ಲೆಕ್ಕವನ್ನು ನೋಡೋಣ. ಕಾರಿನೊಡನೆ ಮುಂದಕ್ಕೆ ಚಲಿಸುವ ಪ್ರತಿಯೊಂದು ಭಾಗಕ್ಕೂ ಅದರ ತೂಕಕ್ಕೆ ತಕ್ಕ ಚಲನಶಕ್ತಿ ಬೇಕು. ಆ ಭಾಗ ತಿರುಗುವುದೂ ಆದರೆ ತಿರುಗುವುದಕ್ಕೆ ಬೇರೆಯಾಗಿ ಶಕ್ತಿ ಬೇಕು. ಈ ಎರಡನೆಯ ಅಂಶ ಮೂರು ಸಂಗತಿಗಳನ್ನು ಅವಲಂಬಿಸಿದೆ: ಭಾಗದ ತೂಕವೆಷ್ಟು, ಆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ, ಕಾರಿನ ವೇಗಕ್ಕೆ ಹೋಲಿಸಿದರೆ ಭಾಗ ಎಷ್ಟು ಬೇಗ ತಿರುಗುತ್ತದೆ. ಕೊನೆಯ ಎರಡು ಸಂಗತಿಗಳು ವರ್ಗದ ಲೆಕ್ಕದಲ್ಲಿ ಸೇರುತ್ತವೆ. ದೂರ ಎರಡರಷ್ಟಾದರೆ ಪರಿಣಾಮ ನಾಲ್ಕರಷ್ಟಾಗುತ್ತದೆ.

ಮೊದಲು ನೆಲದ ಮೇಲೆ ಉರುಳುವ ಚಕ್ರವನ್ನು ತೆಗೆದುಕೊಳ್ಳಬಹುದು. ಟೈರಿನ ಹೊರ ಅಂಚಿನಲ್ಲಿರುವ ಒಂದು ಕಿಲೋಗ್ರಾಂ ತೂಕ ಮುಂದಕ್ಕೆ ಚಲಿಸುವುದಕ್ಕೆ ಒಂದು ಪಾಲು ಶಕ್ತಿಯನ್ನೂ, ತಿರುಗುವುದಕ್ಕೆ ಅಷ್ಟೇ ಶಕ್ತಿಯನ್ನೂ ಕೇಳುತ್ತದೆ. ಆದ್ದರಿಂದ ಅದು ಎರಡು ಕಿಲೋಗ್ರಾಮಿಗೆ ಸಮ. ಅಂಚಿನಿಂದ ಒಳಗೆ ಬಂದಂತೆಲ್ಲ ಈ ಪ್ರಮಾಣ ಕಡಮೆಯಾಗುತ್ತ ಹೋಗಿ ಅಚ್ಚಿನ ಬಳಿ ಒಂದಕ್ಕೆ ಇಳಿಯುತ್ತದೆ. ಚಕ್ರದ ಯಾವ ಭಾಗವಾಗಲಿ ಎರಡನ್ನು ಮೀರುವುದು ಅಸಾಧ್ಯ. ಚಕ್ರದ ಮಟ್ಟಿಗೆ ನಾಲ್ಕು, ಎಂಟು, ಹತ್ತು ಎಂಬ ಮಾತುಗಳಿಗೆ ಆಧಾರವಿಲ್ಲವೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಎರಡನೆಯದಾಗಿ, ಗೇರುಪೆಟ್ಟಿಗೆಯಿಂದ ಹಿಂದಿನ ಅಚ್ಚಿಗೆ ಬಲವನ್ನು ಒಯ್ಯುವ ಉದ್ದನೆಯ ಕೊಳವೆ, ಎಂದರೆ ಪ್ರೊಪೆಲ್ಲರ್ ಶಾಫ್ಟ್. ಉದಾಹರಣೆಗೆ ೮ ಕಿಲೋಗ್ರಾಂ ತೂಕದ, ೪ ಸೆಂಟಿಮೀಟರು ತ್ರಿಜ್ಯದ ಉಕ್ಕಿನ ಕೊಳವೆಯೊಂದಿರಲಿ. ಅದು ಚಕ್ರಕ್ಕಿಂತ ನಾಲ್ಕರಷ್ಟು ಬೇಗ ತಿರುಗಲಿ. ಚಕ್ರದ ತ್ರಿಜ್ಯ ೩೩ ಸೆಂಟಿಮೀಟರು ಇರಲಿ. ಲೆಕ್ಕ ಮಾಡಿದರೆ ಅದರ ತಿರುಗುವಿಕೆ ಕಾರಿಗೆ ಹೇರುವ ಹೆಚ್ಚಿನ ಹೊರೆ ೨ ಕಿಲೋಗ್ರಾಮಿಗೂ ಕಡಮೆ. ಉಕ್ಕಿನ ಬದಲು ಅಲ್ಯುಮಿನಿಯಂ ಬಳಸಿ ೩ ಕಿಲೋಗ್ರಾಂ ಉಳಿಸಿದರೆ ಒಟ್ಟು ಲಾಭ ೩.೭ ಕಿಲೋಗ್ರಾಂ. ಲಾಭ ನಿಜ, ಆದರೆ ಅದರ ಬಹುಪಾಲು ಬರೀ ತೂಕದ ಲಾಭ, ತಿರುಗುವಿಕೆಯ ಲಾಭವಲ್ಲ.

ಮೂರನೆಯದು ಫ್ಲೈವೀಲ್. ಇಲ್ಲಿ ಚಿತ್ರವೇ ಬೇರೆ. ೧೫ ಕಿಲೋಗ್ರಾಂ ತೂಕದ, ೧೫ ಸೆಂಟಿಮೀಟರು ತ್ರಿಜ್ಯದ, ಎಲ್ಲೆಡೆ ಒಂದೇ ದಪ್ಪದ ತಟ್ಟೆಯೆಂದು ಭಾವಿಸೋಣ. ಮೊದಲ ಗೇರಿನಲ್ಲಿ ಎಂಜಿನ್ನು ಚಕ್ರಕ್ಕಿಂತ ಹನ್ನೆರಡರಷ್ಟು ಬೇಗ ತಿರುಗುತ್ತಿದ್ದರೆ ಈ ತಟ್ಟೆ ಹೇರುವ ಹೊರೆ ಸುಮಾರು ೨೨೦ ಕಿಲೋಗ್ರಾಂ! ಆದರೆ ಗೇರು ಬದಲಾಗಿ ಅನುಪಾತ ನಾಲ್ಕಕ್ಕೆ ಇಳಿದಾಗ ಅದೇ ತಟ್ಟೆಯ ಹೊರೆ ಸುಮಾರು ೨೫ ಕಿಲೋಗ್ರಾಂ ಮಾತ್ರ. ಮೂರನೆಯ ಒಂದು ಪಾಲು ತೂಕವನ್ನು ಹೆರೆದು ತೆಗೆದರೆ ಮೊದಲ ಗೇರಿನಲ್ಲಿ ಸುಮಾರು ೭೫ ಕಿಲೋಗ್ರಾಂ, ಕೊನೆಯ ಗೇರಿನಲ್ಲಿ ೮ ಕಿಲೋಗ್ರಾಂ ಇಳಿದಂತಾಗುತ್ತದೆ. ಐದು ಕಿಲೋಗ್ರಾಂ ತೆಗೆದು ಎಪ್ಪತ್ತೈದರ ಫಲ ಪಡೆಯುವುದೆಂದರೆ ಒಂದಕ್ಕೆ ಹದಿನೈದು! ‘ಒಂದಕ್ಕೆ ಹತ್ತು’ ಎಂಬ ಮಾತಿಗೆ ಆಸರೆ ದೊರೆಯುವುದು ಇಲ್ಲಿಯೇ. ಫ್ಲೈವೀಲಿಗೆ ಮೊದಲ ಗೇರಿನಲ್ಲಿ ಒಪ್ಪುವ ಮಾತನ್ನು ತಿರುಗುವ ಎಲ್ಲ ಭಾಗಗಳಿಗೂ ಎಲ್ಲ ಗೇರುಗಳಿಗೂ ಹರಡಿದುದೇ ಆ ನಂಬಿಕೆಯ ದೋಷ.

ಇಷ್ಟು ಕಿಲೋಗ್ರಾಂ ಉಳಿದರೆ ಕಾಲ ಎಷ್ಟು ಉಳಿಯುತ್ತದೆ? ಮೋಟಾರು ವಿಷಯದ ಲೇಖಕನಾದ ರೋಜರ್ ಹಂಟಿಂಗ್ಟನ್ ಪಂದ್ಯಗಳ ಅನುಭವದಿಂದ ಒಂದು ಸೂತ್ರವನ್ನು ಕಂಡುಕೊಂಡಿದ್ದ: ಕಾಲು ಮೈಲಿಯ ಕೊನೆಯ ವೇಗ ಬಲಕ್ಕೂ ತೂಕಕ್ಕೂ ಇರುವ ಅನುಪಾತದ ಘನಮೂಲವನ್ನು ಅನುಸರಿಸುತ್ತದೆ. ೧೯೭೩ರಲ್ಲಿ ಜಿಯಾಫ್ರಿ ಫಾಕ್ಸ್ ಭೌತಶಾಸ್ತ್ರದ ಪತ್ರಿಕೆಯೊಂದರಲ್ಲಿ ಇದಕ್ಕೆ ಶಾಸ್ತ್ರೀಯವಾದ ಉಪಪತ್ತಿಯನ್ನು ಕೊಟ್ಟ. ಇದರ ಪ್ರಕಾರ ತೂಕ ನೂರಕ್ಕೆ ಒಂದರಷ್ಟು ಇಳಿದರೆ ಕಾಲ ನೂರಕ್ಕೆ ಮೂರನೆಯ ಒಂದರಷ್ಟು ಇಳಿಯುತ್ತದೆ. ೧೦೦೦ ಕಿಲೋಗ್ರಾಮಿನ, ೧೨ ಸೆಕೆಂಡಿನ ಕಾರಿನ ನಾಲ್ಕು ಚಕ್ರಗಳ ಅಂಚಿನಿಂದ ಎರಡೆರಡು ಕಿಲೋಗ್ರಾಂ ತೆಗೆದರೆ ಉಳಿಯುವ ಕಾಲ ಸುಮಾರು ೦.೦೬ ಸೆಕೆಂಡು. ಅಲ್ಪವೆಂದು ತೋರಬಹುದು, ಆದರೆ ಗಂಟೆಗೆ ೧೮೦ ಕಿಲೋಮೀಟರು ವೇಗದಲ್ಲಿ ಗುರಿ ದಾಟುವ ಕಾರಿಗೆ ಅದು ೩ ಮೀಟರಿನ ಮುನ್ನಡೆ. ಮೇಲೆ ಹೇಳಿದ ಶಾಫ್ಟಿನಿಂದಲಾದರೋ ಮುಕ್ಕಾಲು ಮೀಟರೂ ದೊರೆಯದು.

೪

ಇಷ್ಟಕ್ಕೆ ನಿಲ್ಲಿಸಿದರೆ ಫ್ಲೈವೀಲನ್ನು ಆದಷ್ಟು ಹಗುರ ಮಾಡುವುದೇ ಜಾಣತನವೆಂದಾಗುತ್ತದೆ. ಆದರೆ ಮೇಲಿನ ಲೆಕ್ಕ ಒಂದು ಸಂಗತಿಯನ್ನು ಬಿಟ್ಟಿದೆ. ಕಾರು ಗೆರೆಯ ಮೇಲೆ ನಿಂತಿರುವಾಗ ಚಕ್ರ ನಿಂತಿದೆ, ಅಚ್ಚು ನಿಂತಿದೆ, ಶಾಫ್ಟ್ ನಿಂತಿದೆ. ಫ್ಲೈವೀಲು ಮಾತ್ರ ಆಗಲೇ ತಿರುಗುತ್ತಿದೆ.

ನಮ್ಮ ಕುಂಬಾರನ ತಿಗುರಿಯನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಂಬಾರ ಮೊದಲು ಕೋಲಿನಿಂದ ತಿಗುರಿಯನ್ನು ರಭಸವಾಗಿ ತಿರುಗಿಸಿ, ಕೋಲನ್ನು ಪಕ್ಕಕ್ಕಿಟ್ಟು, ಆಮೇಲೆ ಮಣ್ಣಿಗೆ ಕೈಹಾಕುತ್ತಾನೆ. ಮಡಕೆ ಮೇಲೇಳುವುದು ಮೊದಲೇ ಕೂಡಿಟ್ಟ ಶಕ್ತಿಯಿಂದ. ತಿಗುರಿ ಹಗುರವಾಗಿದ್ದರೆ ಮಡಕೆ ಮುಗಿಯುವ ಮೊದಲೇ ನಿಂತುಹೋಗುತ್ತದೆ. ಗೆರೆಯ ಮೇಲೆ ನಿಂತ ಕಾರಿನ ಫ್ಲೈವೀಲು ಇಂಥದೇ ತಿಗುರಿ. ನಿಮಿಷಕ್ಕೆ ೬೦೦೦ ಸುತ್ತು ತಿರುಗುತ್ತಿರುವ ನಮ್ಮ ಉದಾಹರಣೆಯ ತಟ್ಟೆಯಲ್ಲಿ ಸುಮಾರು ೩೩,೦೦೦ ಜೌಲ್ ಶಕ್ತಿ ಅಡಗಿದೆ. ಕ್ಲಚ್ ಬಿಟ್ಟಾಗ ಅದರ ವೇಗ ೪೦೦೦ ಸುತ್ತಿಗೆ ಇಳಿದರೆ ಒಂಬತ್ತರಲ್ಲಿ ಐದು ಪಾಲು, ಎಂದರೆ ೧೮,೦೦೦ ಜೌಲಿಗೂ ಹೆಚ್ಚು, ಹೊರಬರುತ್ತದೆ. ಒಂದು ಭಾಗ ಕ್ಲಚ್ಚಿನ ಬಿಸಿಯಾಗಿ ಹೋದರೂ ಮಿಕ್ಕುದು ಕಾರನ್ನು ಮುಂದಕ್ಕೆ ನೂಕುತ್ತದೆ. ಗಡಿಯಾರವಾದರೋ ಕಾರು ಗೆರೆಯನ್ನು ಬಿಟ್ಟ ಮೇಲೆ ಎಣಿಸತೊಡಗುತ್ತದೆ; ಆ ಶಕ್ತಿಯನ್ನು ಕೂಡಿಡಲು ಹಿಡಿದ ಕಾಲ ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ನಮ್ಮ ವಿಚಾರದ ತಿರುಳು ಇದೇ. ತಿರುಗುವ ಭಾಗಗಳೆಲ್ಲ ಒಂದೇ ವರ್ಗಕ್ಕೆ ಸೇರಿದವಲ್ಲ. ಗಡಿಯಾರ ಹೊರಟ ಮೇಲೆ ತಿರುಗತೊಡಗುವ ಭಾಗಗಳು ಒಂದು ವರ್ಗ. ಅದಕ್ಕೆ ಮುಂಚೆಯೇ ತಿರುಗುತ್ತಿರುವ ಭಾಗಗಳು ಮತ್ತೊಂದು ವರ್ಗ. ಮೊದಲನೆಯ ವರ್ಗಕ್ಕೆ ಸೇರಿದ ಚಕ್ರ, ಟೈರು, ಅಚ್ಚು, ಶಾಫ್ಟುಗಳು ಸೊನ್ನೆಯಿಂದ ಹೊರಟು ಪೂರ್ಣವೇಗದಲ್ಲಿ ಗುರಿ ದಾಟುತ್ತವೆ. ಅವು ತೆಗೆದುಕೊಂಡ ಶಕ್ತಿ ಹಿಂದಿರುಗುವುದಿಲ್ಲ. ಅವುಗಳನ್ನು ಹಗುರಗೊಳಿಸಿದರೆ, ಬಲಕ್ಕೆ ಕುಂದು ಬಾರದಿರುವವರೆಗೆ, ಲಾಭವೇ ಲಾಭ. ಎರಡನೆಯ ವರ್ಗದ ಫ್ಲೈವೀಲು, ಕ್ಲಚ್ಚು, ಕ್ರ್ಯಾಂಕ್ ಶಾಫ್ಟುಗಳು ೬೦೦೦ ಸುತ್ತಿನಲ್ಲಿ ಹೊರಟು ೬೦೦೦ ಸುತ್ತಿನಲ್ಲಿಯೇ ಗುರಿ ದಾಟಿದರೆ, ಓಟದ ಆದ್ಯಂತ ಅವು ತಮಗೆಂದು ಇಟ್ಟುಕೊಂಡುದು ಏನೂ ಇಲ್ಲ. ಹೊರಡುವಾಗ ಸಾಲ ಕೊಟ್ಟು ಆಮೇಲೆ ವಸೂಲು ಮಾಡಿಕೊಳ್ಳುವ ಸಾಹುಕಾರನಂತೆ ಅವು ನಡೆದುಕೊಳ್ಳುತ್ತವೆ. ಆ ಸಾಲ ಬೇಕೋ ಬೇಡವೋ ಎಂಬುದು ಕಾರಿನ ಸ್ಥಿತಿಗೆ ಸಂಬಂಧಿಸಿದ ಮಾತು. ಭಾರವಾದ ಮೈ, ಕಡಮೆ ಬಲದ ಎಂಜಿನ್ನು ಇರುವ ಕಾರಿಗೆ ಅದು ಬೇಕು. ಹಗುರವಾದ ಮೈ, ಹೆಚ್ಚು ಬಲದ ಎಂಜಿನ್ನು ಇರುವ ಕಾರಿಗೆ ಅದು ಹೊರೆ.

೫

ಕಾರಿನ ಸ್ಥಿತಿಯಷ್ಟೇ ಅಲ್ಲ, ಕಾಲದ ಸ್ಥಿತಿಯೂ ಇಲ್ಲಿ ಮುಖ್ಯ. ಸಾಲ ಸಿಕ್ಕಿದರೆ ಸಾಲದು, ಅದನ್ನು ನೆಲಕ್ಕೆ ಮುಟ್ಟಿಸುವ ಟೈರು ಬೇಕು. ೧೯೫೦ರ ಸುಮಾರಿನ ಕಿರಿದಾದ ಟೈರುಗಳು ಬಲವಾದ ಎಂಜಿನ್ನಿನ ಹೊಡೆತವನ್ನು ತಾಳಲಾರದೆ ಇದ್ದಲ್ಲಿಯೇ ಸುತ್ತಿ ಹೊಗೆಯಾಡುತ್ತಿದ್ದವು. ಅಂಥ ಕಾರಿಗೆ ಫ್ಲೈವೀಲಿನ ಸಾಲ ಹೊಗೆಯಾಗಿಯೇ ಹೋಗುತ್ತಿತ್ತು. ಹಗುರವಾದ ತಟ್ಟೆ ಆಗ ನಿಜಕ್ಕೂ ಒಳ್ಳೆಯದಾಗಿದ್ದಿರಬೇಕು. ಆ ದಶಕದಲ್ಲಿ ‘ಸ್ಲಿಕ್’ ಎಂಬ ಅಗಲವಾದ, ಗೆರೆಗಳಿಲ್ಲದ, ಮೆತುವಾದ ಟೈರುಗಳು ಬಳಕೆಗೆ ಬಂದವು. ನೆಲದ ಹಿಡಿತ ಹೆಚ್ಚಿದಂತೆ, ಕೂಡಿಟ್ಟ ಶಕ್ತಿಯನ್ನು ಬಳಸಿಕೊಳ್ಳುವ ಅವಕಾಶವೂ ಹೆಚ್ಚಿತು. ೧೯೬೦ರ ದಶಕದ ಕೊನೆಯ ವೇಳೆಗೆ ಅತಿ ಬಲಶಾಲಿಯಾದ ಡ್ರ್ಯಾಗ್‌ಸ್ಟರುಗಳಲ್ಲಿ ಉದ್ದೇಶಪೂರ್ವಕವಾಗಿ ಜಾರುವ, ಹಲವು ತಟ್ಟೆಗಳ ಕ್ಲಚ್ಚುಗಳು ನೆಲೆಗೊಂಡವು. ಅಲ್ಲಿಯವರೆಗೆ ಟೈರು ಜಾರುತ್ತಿತ್ತು. ಅಲ್ಲಿಂದ ಮುಂದೆ ಟೈರು ನೆಲವನ್ನು ಹಿಡಿದುಕೊಂಡು ಕ್ಲಚ್ಚು ಜಾರಿತು. ಎಂಜಿನ್ನಿನ ಬಲವನ್ನೂ ಫ್ಲೈವೀಲಿನ ಸಂಗ್ರಹವನ್ನೂ ಅಳೆದಳೆದು ನೆಲಕ್ಕೆ ಬಿಡುವ ಉಪಾಯ ಆಗ ಕೈಗೆ ಬಂದಿತು.

ಹೀಗೆ ‘ಹಗುರವಾದರೆ ವೇಗ’ ಎಂಬ ಒಂದೇ ವಾಕ್ಯದ ಸತ್ಯಾಸತ್ಯತೆ ಇಪ್ಪತ್ತು ವರ್ಷಗಳಲ್ಲಿ ಬದಲಾಯಿತು. ವಾಕ್ಯ ಮಾತ್ರ ಬದಲಾಗಲಿಲ್ಲ.

೬

ಇದುವರೆಗೆ ನಾವು ಸೆಕೆಂಡುಗಳ ಲೆಕ್ಕ ಹಾಕಿದೆವು. ಈ ನಂಬಿಕೆಗೆ ಬೇರೊಂದು ಬೆಲೆಯನ್ನೂ ತೆರಬೇಕಾಯಿತು. ತಿರುಗುವ ತಟ್ಟೆಯನ್ನು ಒಳಗಿನಿಂದ ಸೀಳುವ ಬಲ ವೇಗದ ವರ್ಗದಂತೆ ಏರುತ್ತದೆ. ೬೦೦೦ ಸುತ್ತಿನಿಂದ ೮೦೦೦ ಸುತ್ತಿಗೆ ಹೋದರೆ ವೇಗ ಮೂರನೆಯ ಒಂದು ಪಾಲು ಹೆಚ್ಚುತ್ತದೆ. ಸೀಳುವ ಬಲ ಮುಕ್ಕಾಲು ಪಾಲಿಗಿಂತ ಹೆಚ್ಚಾಗಿ ಏರುತ್ತದೆ. ೮೦೦೦ ಸುತ್ತಿನಲ್ಲಿ ನಮ್ಮ ಉದಾಹರಣೆಯ ತಟ್ಟೆಯ ಅಂಚು ಸೆಕೆಂಡಿಗೆ ಸುಮಾರು ೧೨೬ ಮೀಟರು, ಗಂಟೆಗೆ ೪೫೦ ಕಿಲೋಮೀಟರು, ವೇಗದಲ್ಲಿ ಚಲಿಸುತ್ತದೆ. ಎರಕದ ಕಬ್ಬಿಣ ಎಳೆತಕ್ಕೆ ಸಿಕ್ಕಿದರೆ ಬಾಗದೆ ಒಡೆಯುವ ಲೋಹ. ಕಾರ್ಖಾನೆಯವರು ಸಾಮಾನ್ಯ ವೇಗಕ್ಕೆಂದು ಎರಕಹೊಯ್ದ ತಟ್ಟೆಯನ್ನು ಊರ ಲೇತಿನಲ್ಲಿ ತೆಳುಮಾಡಿ, ಅದಕ್ಕೆ ಎಂದೂ ಎಣಿಸದ ವೇಗವನ್ನು ಕೊಟ್ಟು, ಜಾರುವ ಕ್ಲಚ್ಚಿನ ಬಿಸಿಯಿಂದ ಅದರ ಮೈಮೇಲೆ ಕೂದಲೆಳೆಯ ಬಿರುಕುಗಳು ಮೂಡುವಂತೆ ಮಾಡಿದರೆ ಆಗುವುದೇನೆಂಬುದನ್ನು ಊಹಿಸುವುದು ಕಷ್ಟವಲ್ಲ. ಸಿಡಿದ ತುಂಡುಗಳು ಕಾರಿನ ನೆಲಗಟ್ಟನ್ನು ಸೀಳಿಕೊಂಡು ಚಾಲಕನ ಕಾಲಿಗೆ, ಇಂಧನದ ಕೊಳವೆಗೆ, ಕೆಲವೊಮ್ಮೆ ಪ್ರೇಕ್ಷಕರತ್ತ ಹಾರುತ್ತಿದ್ದವು.

ಕಾರಿನ ರಚನೆಯೂ ಈ ಅಪಾಯವನ್ನು ಹೆಚ್ಚಿಸಿತು. ೧೯೫೪ರ ಸುಮಾರಿನಲ್ಲಿ ಮಿಕ್ಕಿ ಥಾಂಪ್ಸನ್ ಮೊದಲಾದವರು ರೂಢಿಗೆ ತಂದ ‘ಸ್ಲಿಂಗ್‌ಷಾಟ್’ ಮಾದರಿಯಲ್ಲಿ ಚಾಲಕ ಹಿಂದಿನ ಅಚ್ಚಿಗೂ ಹಿಂದೆ ಕುಳಿತುಕೊಳ್ಳುತ್ತಿದ್ದ. ತೂಕ ಹಿಂದಿನ ಚಕ್ರದ ಮೇಲೆ ಬಿದ್ದು ಹಿಡಿತ ಹೆಚ್ಚಾಗುತ್ತಿತ್ತು, ನಿಜ. ಆದರೆ ಕ್ಲಚ್ಚು, ಗೇರುಪೆಟ್ಟಿಗೆಗಳು ಆತನ ಕಾಲುಗಳ ನಡುವೆಯೇ ತಿರುಗುತ್ತಿದ್ದವು. ೧೯೭೦ರ ಮಾರ್ಚ್ ೮ರಂದು ಲಾಂಗ್ ಬೀಚ್ ಬಳಿಯ ಲಯನ್ಸ್ ಹಾದಿಯಲ್ಲಿ ಆ ಕಾಲದ ಅತ್ಯಂತ ಪ್ರಸಿದ್ಧ ಚಾಲಕನಾದ ಡಾನ್ ಗಾರ್ಲಿಟ್ಸ್‌ನ ಕಾರಿನ ಗೇರುಪೆಟ್ಟಿಗೆ ಹೊರಡುವಾಗಲೇ ಸಿಡಿಯಿತು. ಕಾರು ಎರಡು ತುಂಡಾಯಿತು. ಆತನ ಬಲಪಾದದ ಒಂದು ಭಾಗ ಕತ್ತರಿಸಿಹೋಯಿತು. ಈ ಸ್ಫೋಟವನ್ನು ತೂಕ ಇಳಿಸಿದುದರ ಫಲವೆಂದು ಓದಬಾರದು. ಅದು ತೋರಿಸುವುದು ಬೇರೊಂದನ್ನು: ತಿರುಗುವ ಭಾಗಗಳಲ್ಲಿ ಕೂಡಿಟ್ಟ ಶಕ್ತಿ ದಾರಿತಪ್ಪಿದರೆ ಏನಾಗಬಲ್ಲುದೆಂಬುದನ್ನು. ಗಾರ್ಲಿಟ್ಸ್ ಎಂಜಿನ್ನನ್ನು ಚಾಲಕನ ಹಿಂದಕ್ಕೆ ಸರಿಸಿದ ಹೊಸ ಕಾರನ್ನು ಕಟ್ಟಿ, ೧೯೭೧ರಲ್ಲಿ ಪೊಮೋನದ ಚಳಿಗಾಲದ ರಾಷ್ಟ್ರೀಯ ಪಂದ್ಯವನ್ನು ಗೆದ್ದ. ಕೆಲವೇ ವರ್ಷಗಳಲ್ಲಿ ಆ ವರ್ಗದ ಕಾರುಗಳೆಲ್ಲ ಅದೇ ಮಾದರಿಗೆ ತಿರುಗಿದವು.

ಸ್ಫೋಟದ ಭಯಕ್ಕೆ ಪಂದ್ಯಗಳ ನಿಯಮಾವಳಿ ಕೊಟ್ಟ ಉತ್ತರವೂ ಬೋಧಪ್ರದವಾಗಿದೆ. ಫ್ಲೈವೀಲಿನ ಸುತ್ತ ದಪ್ಪನೆಯ ಉಕ್ಕಿನ ಕವಚ ಬಂದಿತು. ಎರಕದ ತಟ್ಟೆಯ ಬದಲು ಉಕ್ಕಿನ ಅಥವಾ ಅಲ್ಯುಮಿನಿಯಮಿನ, ಪಂದ್ಯಕ್ಕೆಂದೇ ಮಾಡಿದ ತಟ್ಟೆ ಬಂದಿತು. ೧೯೭೮ರಲ್ಲಿ ಸ್ಥಾಪಿತವಾದ ಎಸ್. ಎಫ್. ಐ. ಪ್ರತಿಷ್ಠಾನ ಇಂಥ ಭಾಗಗಳಿಗೆ ಪರೀಕ್ಷೆಯ ಕಟ್ಟಳೆಗಳನ್ನು ನಿಗದಿಮಾಡಿತು; ವೇಗವಾದ ಕಾರುಗಳು ಆ ಮುದ್ರೆಯಿರುವ ಭಾಗಗಳನ್ನೇ ಬಳಸಬೇಕೆಂಬುದು ಇಂದಿನ ನಿಯಮ. ತಿರುಗುವ ತಟ್ಟೆಯಿಂದ ಕೆಲವು ಕಿಲೋಗ್ರಾಂ ತೆಗೆದವರೇ ಅದರ ಸುತ್ತ ತಿರುಗದ ಉಕ್ಕನ್ನು ಹೇರಬೇಕಾಯಿತು. ಈ ತೂಕದ ಬಗೆಗೆ ಪಂದ್ಯಗಾರರು ಇಂದು ಗೊಣಗುವುದಿಲ್ಲ.

೭

ಮೇಲಿನ ವಿಚಾರಗಳನ್ನು ಹೀಗೆ ಸಂಗ್ರಹಿಸಬಹುದು. ತಿರುಗುವ ಭಾಗಗಳನ್ನು ಹಗುರಗೊಳಿಸಿದರೆ ಡ್ರ್ಯಾಗ್ ಕಾರು ವೇಗವಾಗುತ್ತದೆಯೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಚಕ್ರ, ಟೈರುಗಳ ವಿಷಯದಲ್ಲಿ ಹೌದು. ಆದರೆ ಒಂದಕ್ಕೆ ಎರಡನ್ನು ಮೀರಿ ಅಲ್ಲ. ಶಾಫ್ಟಿನಂಥ ಕಿರುತ್ರಿಜ್ಯದ ಭಾಗಗಳಲ್ಲಿ ಹೌದು. ಆದರೆ ಬರೀ ತೂಕದಷ್ಟು, ಅದಕ್ಕಿಂತ ಸ್ವಲ್ಪ ಹೆಚ್ಚು. ಫ್ಲೈವೀಲಿನ ವಿಷಯದಲ್ಲಿ ಕಾರಿನ ಭಾರ, ಎಂಜಿನ್ನಿನ ಬಲ, ಟೈರಿನ ಹಿಡಿತ ಇವುಗಳನ್ನು ಕೇಳದೆ ಉತ್ತರ ಹೇಳುವಂತಿಲ್ಲ.

ಯಂತ್ರಶಾಸ್ತ್ರದ ಈ ಪ್ರಶ್ನೆಯನ್ನು ಇತಿಹಾಸದ ವಿದ್ಯಾರ್ಥಿಗಳ ಮುಂದಿಟ್ಟುದಕ್ಕೆ ಕಾರಣವನ್ನು ಹೇಳಿ ಮುಗಿಸುತ್ತೇವೆ. ಕುಶಲಕರ್ಮಿಗಳ ಮಾತನ್ನು ನಾವು ಎರಡು ವಿಧವಾಗಿ ಕೆಡಿಸುತ್ತೇವೆ: ಅನುಭವಿಗಳ ಮಾತೆಂದು ಪರೀಕ್ಷಿಸದೆ ಒಪ್ಪುವುದು ಒಂದು, ಓದಿಲ್ಲದವರ ಮಾತೆಂದು ತಳ್ಳಿಹಾಕುವುದು ಇನ್ನೊಂದು. ‘ಒಂದಕ್ಕೆ ಹತ್ತು’ ಎಂದವನು ಸುಳ್ಳಾಡಲಿಲ್ಲ. ಮೊದಲ ಗೇರಿನಲ್ಲಿ, ತನ್ನ ಕಾಲದ ಟೈರಿನ ಮೇಲೆ, ತನ್ನ ಫ್ಲೈವೀಲಿನ ವಿಷಯದಲ್ಲಿ ಅವನು ಕಂಡುದನ್ನೇ ಹೇಳಿದ. ಅವನು ಯಾವ ಭಾಗದ ಮಾತಾಡಿದ, ಎಲ್ಲಿ ನಿಂತು ಆಡಿದ, ಅವನ ಗಡಿಯಾರ ಯಾವಾಗ ಎಣಿಸತೊಡಗುತ್ತಿತ್ತು ಎಂಬುದನ್ನು ಕೇಳಿ ತಿಳಿಯುವುದು ನಮ್ಮ ಕೆಲಸ. ಶಾಸನವನ್ನು ಓದುವಾಗ ನಾವು ಕೇಳುವ ಪ್ರಶ್ನೆಗಳೂ ಇವೇ ಅಲ್ಲವೇ?